ಚಪ್ಪಾಳೆ ಉಂಟು, ಕುರ್ಚಿ ಇಲ್ಲ: ಶೆವಾಲಿಯೇ ದ ಸ್ಯಾಂ-ಜಾರ್ಜ್‌ನ ಸಂಗೀತದ ಕಥೆ

ಜಾನ್ ಆಡಮ್ಸ್ ಹೆಸರು ನೀವು ಕೇಳಿರುತ್ತೀರಿ. ಅಮೆರಿಕದ ಎರಡನೇ ಅಧ್ಯಕ್ಷ. ಅಧ್ಯಕ್ಷನಾಗುವುದಕ್ಕೆ ಎಷ್ಟೋ ವರ್ಷ ಮೊದಲು, 1779ರ ಮೇ ತಿಂಗಳಲ್ಲಿ, ಆತ ಫ್ರಾನ್ಸಿನಲ್ಲಿದ್ದ. ಊರಿಗೆ ಹೋಗುವ ಹಡಗಿಗೆ ಕಾಯುತ್ತಿದ್ದ. ಆಗ ಒಬ್ಬರು ಹೇಳಿದ ಸುದ್ದಿಯನ್ನು ಡೈರಿಯಲ್ಲಿ ಬರೆದಿಟ್ಟ. ಪ್ಯಾರಿಸ್ಸಿನಲ್ಲಿ ಒಬ್ಬನಿದ್ದಾನಂತೆ, ಕಪ್ಪು ತಾಯಿಯ ಮಗ. ಕುದುರೆ ಸವಾರಿ, ಓಟ, ಗುಂಡು ಹೊಡೆಯುವುದು, ಕತ್ತಿವರಸೆ, ನೃತ್ಯ, ಸಂಗೀತ, ಇಷ್ಟರಲ್ಲೂ ಯುರೋಪಿನಲ್ಲೇ ಅವನನ್ನು ಮೀರಿಸುವವರಿಲ್ಲವಂತೆ. ಎದುರು ನಿಂತವನ ಕೋಟಿನ ಯಾವ ಗುಂಡಿ ಬೇಕು ಹೇಳಿ, ಕತ್ತಿಯ ಮೊನೆಯನ್ನು ಅದಕ್ಕೇ ಮುಟ್ಟಿಸುತ್ತಾನಂತೆ. ನಾಣ್ಯ ಮೇಲಕ್ಕೆ ಎಸೆದರೆ ಗಾಳಿಯಲ್ಲೇ ಪಿಸ್ತೂಲಿನಿಂದ ಹೊಡೆಯುತ್ತಾನಂತೆ.

ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಸಂಗೀತ ಎಲ್ಲಿದೆ? ಕಟ್ಟಕಡೆಗೆ. ಆಡಮ್ಸ್ ಇದನ್ನು ಬರೆಯುವ ಹೊತ್ತಿಗೆ ಈ ಮನುಷ್ಯ ಪ್ಯಾರಿಸ್ಸಿನ ದೊಡ್ಡ ವಾದ್ಯವೃಂದವೊಂದನ್ನು ಆರು ವರ್ಷದಿಂದ ನಡೆಸುತ್ತಿದ್ದ. ಅವನ ಪಿಟೀಲು ಕನ್ಚೆರ್ಟೊಗಳು (ಒಬ್ಬ ವಾದಕ ಮುಂದೆ, ಹಿಂದೆ ಇಡೀ ವೃಂದ), ನಾಲ್ಕು ತಂತಿವಾದ್ಯಗಳ ಕ್ವಾರ್ಟೆಟ್‌ಗಳು ಅಚ್ಚಾಗಿ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು. ಆದರೂ ಅವನ ಸುದ್ದಿ ಊರು ದಾಟುವಾಗ ಕತ್ತಿ ಮುಂದೆ, ಪಿಟೀಲು ಹಿಂದೆ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಪಟ್ಟಿಯ ಕೊನೆಯ ಬಾಬ್ತಿನ ಬಗ್ಗೆ. (ಒಂದು ಸಭೆಯಲ್ಲಿ ಸಂಗೀತ ಕೇಳಿಸುತ್ತಾ ನಾನು ಆಡಿದ ಮಾತಿನ ಬರಹರೂಪ ಇದು.) ಮನುಷ್ಯನ ಹೆಸರು ಜೋಸೆಫ್ ಬೊಲೋನ್. ಲೋಕ ಕರೆದದ್ದು ಶೆವಾಲಿಯೇ ದ ಸ್ಯಾಂ-ಜಾರ್ಜ್ ಎಂದು. ಶೆವಾಲಿಯೇ ಅನ್ನುವುದು ಕುಲೀನ ಯೋಧನ ಬಿರುದು.

ಅವನು ಹುಟ್ಟಿದ್ದು 1745ರ ಕ್ರಿಸ್‌ಮಸ್ ದಿನ, ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ. ಅಪ್ಪ ಜಾರ್ಜ್ ಬೊಲೋನ್, ಕಬ್ಬಿನ ತೋಟದ ಧಣಿ. ಮದುವೆಯಾದ ಹೆಂಡತಿಯಿದ್ದಳು, ಅವಳಿಂದ ಒಬ್ಬ ಮಗಳೂ ಇದ್ದಳು. ಜೋಸೆಫನ ತಾಯಿ ನಾನೋಂ, ಅದೇ ಧಣಿಯ ಗುಲಾಮಳಾಗಿದ್ದ ಆಫ್ರಿಕನ್ ಮೂಲದ ತರುಣಿ.

ಇಲ್ಲಿ ಸಕ್ಕರೆಯ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ, ಯಾಕಂದರೆ ಕಥೆಯ ದುಡ್ಡೆಲ್ಲ ಅಲ್ಲಿಂದಲೇ ಬರುವುದು. ಗ್ವಾಡೆಲೂಪ್ ಎಷ್ಟು ಪುಟ್ಟದು ಅಂದರೆ ಲೋಕದ ಭೂಪಟದಲ್ಲಿ ಹುಡುಕಿದರೂ ಬೇಗ ಸಿಗುವುದಿಲ್ಲ. 1759ರಲ್ಲಿ ಬ್ರಿಟಿಷರು ಅದನ್ನು ಹಿಡಿದರು. 1763ರಲ್ಲಿ ಯುದ್ಧ ಮುಗಿದು ಸಂಧಾನಕ್ಕೆ ಕೂತಾಗ ಫ್ರಾನ್ಸ್ ಕೆನಡಾವನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟು ಈ ದ್ವೀಪವನ್ನು ವಾಪಸ್ ಪಡೆಯಿತು. ಕೆನಡಾದಂಥ ಕೆನಡಾ! ಈ ದ್ವೀಪದ ಕಬ್ಬು ಅಷ್ಟು ದುಡ್ಡು ತರುತ್ತಿತ್ತು. ಕಬ್ಬು ಕಡಿಯುವವರು, ಗಾಣಕ್ಕೆ ಕೊಡುವವರು, ಕುದಿಯುವ ಕಬ್ಬಿನ ಹಾಲಿನ ಮುಂದೆ ನಿಲ್ಲುವವರು ಎಲ್ಲರೂ ಆಫ್ರಿಕಾದಿಂದ ತಂದ ಗುಲಾಮರು, ಇಲ್ಲವೇ ಅವರ ಮಕ್ಕಳು. ಪ್ಯಾರಿಸ್ಸಿನ ಸಭಾಂಗಣಗಳಲ್ಲಿ ಮೇಣದಬತ್ತಿ ಉರಿದದ್ದರಲ್ಲೂ ಈ ದುಡ್ಡು ಸೇರಿತ್ತು.

ಫ್ರೆಂಚ್ ವಸಾಹತುಗಳಲ್ಲಿ 1685ರಿಂದ ‘ಕೋಡ್ ನ್ವಾರ್’ ಎಂಬ ಕಾನೂನಿತ್ತು, ಕರಿಯರ ಸಂಹಿತೆ. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಅಪ್ಪ ಯಾರಾದರೂ ಸರಿ. ಈ ಕಾನೂನು ಜೋಸೆಫನ ಕೊರಳಿಗೆ ಬಹಳ ಬೇಗ ಹತ್ತಿರ ಬಂತು. 1747ರಲ್ಲಿ ಅಪ್ಪ ಒಂದು ಜಗಳದಲ್ಲಿ ಎದುರಾಳಿಗೆ ಗಾಯ ಮಾಡಿದ. ಆ ಮನುಷ್ಯ ಸತ್ತ. ಕೊಲೆ ಆಪಾದನೆ ಬಂತು, ಅಪ್ಪ ಫ್ರಾನ್ಸಿಗೆ ಓಡಿದ. ಅಪರಾಧಿಯ ಆಸ್ತಿ ಮುಟ್ಟುಗೋಲಾಗುತ್ತದೆ, ಅಲ್ವಾ? ಆಸ್ತಿಯ ಪಟ್ಟಿಯಲ್ಲಿ ಕುದುರೆ, ಗಾಣ, ಪಾತ್ರೆಗಳ ಜೊತೆ ನಾನೋಂ ಇದ್ದಾಳೆ, ಅವಳ ಪುಟ್ಟ ಮಗನೂ ಇದ್ದಾನೆ. ಅವರಿಬ್ಬರನ್ನು ಮಾರಿಬಿಡುತ್ತಾರೆ ಎಂಬ ಭಯಕ್ಕೆ ಧಣಿಯ ಹೆಂಡತಿಯೇ ಅವರನ್ನು ಫ್ರಾನ್ಸಿಗೆ ಸಾಗಿಸಿದಳು. ಎರಡು ವರ್ಷದ ಮೇಲೆ ಅಪ್ಪನಿಗೆ ರಾಜನ ಕ್ಷಮೆ ಸಿಕ್ಕಿತು, ಎಲ್ಲರೂ ದ್ವೀಪಕ್ಕೆ ವಾಪಸಾದರು. 1753ರಲ್ಲಿ ಅಪ್ಪ ಏಳು ವರ್ಷದ ಮಗನನ್ನು ಓದಿಸಲು ಮತ್ತೆ ಫ್ರಾನ್ಸಿಗೆ ಕರೆತಂದ. ಮುಂದೆ ನಾನೋಂ ಕೂಡ ಪ್ಯಾರಿಸ್ಸಿಗೆ ಬಂದಳು.

ಹದಿಮೂರರ ವಯಸ್ಸಿಗೆ ಹುಡುಗ ಲಾ ಬ್ವೆಸಿಯೇರ್ ಎಂಬ ಕತ್ತಿವರಸೆ ಗುರುವಿನ ಶಾಲೆಗೆ ಸೇರಿದ. ಬೆಳಿಗ್ಗೆ ಪಾಠ, ಮಿಕ್ಕ ಹೊತ್ತೆಲ್ಲ ಕತ್ತಿ. ಆ ಗುರುವಿನ ಮಗ ಮುಂದೆ ಬರೆದಿಟ್ಟಿದ್ದಾನೆ: ಹದಿನೈದಕ್ಕೆಲ್ಲ ಇವನು ಒಳ್ಳೊಳ್ಳೆಯವರನ್ನು ಸೋಲಿಸುತ್ತಿದ್ದ, ಹದಿನೇಳಕ್ಕೆ ಅವನ ವೇಗಕ್ಕೆ ಸಾಟಿಯೇ ಇರಲಿಲ್ಲ ಎಂದು. ರುವಾಂ ಊರಿನ ಪಿಕಾರ್ ಎಂಬ ಕತ್ತಿ ಮಾಸ್ತರ ಇವನನ್ನು ‘ಲಾ ಬ್ವೆಸಿಯೇರನ ಮುಲಾಟೊ’ ಎಂದು ಹೀಯಾಳಿಸಿದ. ಬಿಳಿ-ಕಪ್ಪು ಎರಡೂ ಮೂಲದವರನ್ನು ಕೀಳಾಗಿ ಕರೆಯುತ್ತಿದ್ದ ಹೆಸರು ಅದು. ಸರಿ, ಪಂದ್ಯ ಏರ್ಪಾಡಾಯಿತು, ಜನ ಬಾಜಿ ಕಟ್ಟಿದರು. ಪಿಕಾರ್ ಸೋತ. ಅಪ್ಪ ಖುಷಿಯಾಗಿ ಮಗನಿಗೆ ಒಂದು ಕುದುರೆಗಾಡಿ ಕೊಡಿಸಿದ. ಈ ಕಥೆಗಳು ಬೇಕಾದಷ್ಟಿವೆ, ನಾನು ಇಲ್ಲಿಗೇ ನಿಲ್ಲಿಸುತ್ತೇನೆ. ಕತ್ತಿಯ ಕಥೆ ಹೇಳುತ್ತಾ ಕೂತರೆ ಪಿಟೀಲಿಗೆ ಹೊತ್ತು ಉಳಿಯುವುದಿಲ್ಲ. ಇನ್ನೂರು ವರ್ಷ ಆದದ್ದು ಅದೇ ತಾನೇ.

ಒಂದು ಮಾತ್ರ ಗಮನಿಸಿ. ಅವನು ರಾಜನ ಅಂಗರಕ್ಷಕ ಪಡೆಗೆ ಸೇರಿದ, ಶೆವಾಲಿಯೇ ಎನ್ನಿಸಿಕೊಂಡ. ಅದೇ ಹೊತ್ತಿಗೆ, 1762ರಲ್ಲಿ, ಪ್ಯಾರಿಸ್ಸಿನಲ್ಲಿರುವ ಕಪ್ಪು ಜನ, ಮಿಶ್ರ ಮೂಲದ ಜನ ಎಲ್ಲರೂ ಕಚೇರಿಯಲ್ಲಿ ಹೆಸರು ಬರೆಸಬೇಕು ಎಂದು ಆಜ್ಞೆ ಬಂತು. ಇವನ ಹೆಸರನ್ನೂ ಬರೆಸಬೇಕಾಯಿತು. ರಾಜನನ್ನು ಕಾಯುವ ಪಡೆಯಲ್ಲಿ ಹೆಸರು, ಪೊಲೀಸರು ಕಣ್ಣಿಟ್ಟಿರುವವರ ಪಟ್ಟಿಯಲ್ಲೂ ಹೆಸರು.

ಇನ್ನು ಸಂಗೀತ. ಇವನು ಪಿಟೀಲನ್ನು ಯಾರಲ್ಲಿ ಕಲಿತ ಎಂಬುದಕ್ಕೆ ಗಟ್ಟಿ ದಾಖಲೆ ಇಲ್ಲ. ಆದರೆ ಅವನ ಬಗ್ಗೆ ಬೇರೆಯವರಿಗೆ ಎಂಥ ಅಭಿಪ್ರಾಯವಿತ್ತು ಅನ್ನುವುದಕ್ಕೆ ಇದೆ. ಆಂಟೋನಿಯೊ ಲೊಲ್ಲಿ ಎಂಬ ಇಟಲಿಯ ದೊಡ್ಡ ಪಿಟೀಲುಗಾರ 1764ರಲ್ಲಿ ತನ್ನ ಎರಡು ಕನ್ಚೆರ್ಟೊಗಳನ್ನು ಇವನಿಗೆ ಅರ್ಪಿಸಿದ. 1766ರಲ್ಲಿ ಫ್ರಾಂಸ್ವಾ-ಜೋಸೆಫ್ ಗೊಸೆಕ್ ಎಂಬ ಸಂಗೀತಕಾರ ಆರು ಸ್ಟ್ರಿಂಗ್ ಟ್ರಿಯೊಗಳನ್ನು, ಅಂದರೆ ಮೂರು ತಂತಿವಾದ್ಯಗಳ ಕೃತಿಗಳನ್ನು, ಅರ್ಪಿಸಿದ. ಆಗ ಇವನಿಗೆ ಇಪ್ಪತ್ತು ವರ್ಷ. ಸುಮ್ಮನೆ ಸೈನ್ಯದ ಹುಡುಗನೊಬ್ಬನಿಗೆ ಯಾರೂ ಬೆರಳು ಸುತ್ತಿಕೊಳ್ಳುವಂಥ ಕೃತಿ ಅರ್ಪಿಸುವುದಿಲ್ಲ.

1769ರಲ್ಲಿ ಗೊಸೆಕ್ ‘ಕಾನ್ಸೇರ್ ದೆಜ್ ಅಮಾತರ್’ ಎಂಬ ಸಂಗೀತ ಸಂಸ್ಥೆ ಶುರುಮಾಡಿದ. ಅಮಾತರ್ ಅಂದರೆ ಹವ್ಯಾಸಿ ಅಂತ, ಆದರೆ ಮೋಸ ಹೋಗಬೇಡಿ. ಚಂದಾ ಕೊಟ್ಟು ನಡೆಸುತ್ತಿದ್ದ ಶ್ರೀಮಂತರು ಹವ್ಯಾಸಿಗಳು, ನುಡಿಸುವವರಲ್ಲಿ ಕಸುಬಿನವರು ಜಾಸ್ತಿ. ಸ್ಯಾಂ-ಜಾರ್ಜ್ ಅಲ್ಲಿ ಪಿಟೀಲು ಸಾಲಿನಲ್ಲಿ ಕೂತ. 1772ರಲ್ಲಿ ತನ್ನದೇ ಎರಡು ಕನ್ಚೆರ್ಟೊ ಬರೆದು ತಾನೇ ಮುಂದೆ ನಿಂತು ನುಡಿಸಿದ. ಮರುವರ್ಷ ಗೊಸೆಕ್ ಬೇರೆ ಸಂಸ್ಥೆಗೆ ಹೋದಾಗ ಇಡೀ ವಾದ್ಯವೃಂದ ಇವನ ಕೈಗೆ ಬಂತು. ಎರಡು ವರ್ಷದಲ್ಲೇ, ಸಿಂಫನಿ (ಇಡೀ ವೃಂದಕ್ಕೆ ಬರೆದ ದೊಡ್ಡ ಕೃತಿ) ನುಡಿಸುವುದರಲ್ಲಿ ಪ್ಯಾರಿಸ್ಸಿನಲ್ಲಿ, ಪ್ರಾಯಶಃ ಯುರೋಪಿನಲ್ಲೇ, ಇದನ್ನು ಮೀರಿಸುವ ವೃಂದ ಇಲ್ಲ ಎಂದು ಅಲ್ಲಿನ ಸಂಗೀತದ ವಾರ್ಷಿಕ ಪುಸ್ತಿಕೆಯೊಂದು ಬರೆಯಿತು.

ಈಗ ಕೃತಿಗೆ ಬರೋಣ. ಸಭೆಯಲ್ಲಿ ನಾನು ಕೇಳಿಸಿದ್ದು ಐದನೇ ಓಪಸ್‌ನ ಎರಡನೇ ಕನ್ಚೆರ್ಟೊ, ಎ ಮೇಜರ್. ಓಪಸ್ ಅಂದರೆ ಒಟ್ಟಿಗೆ ಅಚ್ಚಾದ ಕೃತಿಗಳ ಕಟ್ಟು, ಎ ಮೇಜರ್ ಅನ್ನುವುದು ಕೃತಿಯ ಸ್ವರನೆಲೆ. ಓದುತ್ತಿರುವವರು ಬೇಕಾದರೆ ಇಲ್ಲಿ ನಿಲ್ಲಿಸಿ ಹುಡುಕಿ ಕೇಳಬಹುದು. ಮೊದಲು ವಾದ್ಯವೃಂದ ಆರಾಮಾಗಿ ತನ್ನ ಮಾತು ಹೇಳುತ್ತದೆ. ಪಿಟೀಲು ಬಂದಾಗಲೂ ಗಡಿಬಿಡಿ ಇಲ್ಲ, ಹಾಡುವ ಹಾಗೇ ಬರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿ, ಎಡಗೈ ಮೇಲಕ್ಕೆ ಹೋಗಲು ಶುರು. ಹೋಗುತ್ತಲೇ ಇರುತ್ತದೆ. ಬೆರಳುಗಳು ಹಲಗೆಯ ತುದಿಯ ಹತ್ತಿರ, ಒಂದಕ್ಕೊಂದು ಅಂಟಿಕೊಂಡಿರುವಷ್ಟು ಇಕ್ಕಟ್ಟಿನಲ್ಲಿ ಆಡಬೇಕು. ಅಲ್ಲಿ ಕೂದಲೆಳೆ ತಪ್ಪಿದರೂ ಸ್ವರ ಕಿರುಚುತ್ತದೆ. ಅಷ್ಟರಲ್ಲಿ ಅಲ್ಲಿಂದ ಒಂದೇ ಜಿಗಿತಕ್ಕೆ ಕೆಳಗಿನ ತಂತಿಗೆ ಇಳಿದುಬಿಡುತ್ತಾನೆ. ಬಲಗೈಯ ಕಮಾನು ಒಂದು ತಂತಿಯಿಂದ ಇನ್ನೊಂದಕ್ಕೆ, ಮಧ್ಯದ್ದನ್ನು ಮುಟ್ಟದೆ, ಹಾರಿ ಹಾರಿ ಹೋಗಬೇಕು. ಆಗಿನ ಪ್ಯಾರಿಸ್ಸಿನಲ್ಲಿ ತೂರ್ತ್ ಎಂಬ ಮನೆತನದವರು ಕಮಾನಿನ ಆಕಾರವನ್ನೇ ಬದಲಿಸುತ್ತಿದ್ದರು. ಕಡ್ಡಿ ಒಳಕ್ಕೆ ಬಾಗಿ, ತುದಿಯಲ್ಲಿ ತೂಕ ಬಂದು, ಇವತ್ತು ನಾವು ನೋಡುವ ಕಮಾನು ರೂಪ ಪಡೆಯುತ್ತಿತ್ತು. ಅಂಥ ಹೊಸ ಕಮಾನಿನಿಂದ ಏನೇನು ಮಾಡಬಹುದು ಎಂದು ಬರೆದು ತೋರಿಸಿದವರಲ್ಲಿ ಇವನೂ ಒಬ್ಬ.

ಕತ್ತಿ ಹಿಡಿದ ಮಣಿಕಟ್ಟೇ ಕಮಾನನ್ನೂ ಹಿಡಿಯಿತು ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಆ ಮಾತು ಅಷ್ಟಾಗಿ ರುಚಿಸುವುದಿಲ್ಲ. ಇದೇ ಕನ್ಚೆರ್ಟೊದ ಎರಡನೇ ಭಾಗ, ಆ ನಿಧಾನದ ಲಾರ್ಗೊ, ಅದರಲ್ಲಿ ಯಾವ ಕತ್ತಿ ಇದೆ? ಪಿಟೀಲು ಒಂದು ಸಾಲು ಹೇಳುತ್ತದೆ, ನಿಲ್ಲುತ್ತದೆ, ಅದೇ ಸಾಲನ್ನು ಇನ್ನಷ್ಟು ಮೆಲ್ಲಗೆ ಮುಂದುವರಿಸುತ್ತದೆ. ವೃಂದ ಹಿಂದೆ ಬಹುತೇಕ ಉಸಿರು ಹಿಡಿದಿರುತ್ತದೆ. ಸಭೆಯಲ್ಲಿ ಮೊದಲ ಭಾಗಕ್ಕೆ ತಲೆದೂಗಿದ ನೀವು ಎರಡನೆಯದಕ್ಕೆ ಸುಮ್ಮನೆ ಕೂತಿದ್ದಿರಿ. ನನಗೆ ಅದು ಸರಿ ಅನ್ನಿಸಿತು.

1773ರಲ್ಲಿ ಇವನ ಆರು ಸ್ಟ್ರಿಂಗ್ ಕ್ವಾರ್ಟೆಟ್‌ಗಳು ಅಚ್ಚಾದವು. ಫ್ರಾನ್ಸಿನಲ್ಲಿ ಆ ಬಗೆಯ ಕೃತಿ ಬರೆದ ಮೊದಲಿಗರಲ್ಲಿ ಇವನ ಹೆಸರಿದೆ. ಪುಟ್ಟ ಕೃತಿಗಳು, ಒಂದೊಂದರಲ್ಲೂ ಎರಡೇ ಭಾಗ. ಆಮೇಲೆ ಸಿಂಫನಿ ಕನ್ಚೆರ್ಟಾಂಟ್ ಎಂಬುದೊಂದು ಬಗೆ, ಪ್ಯಾರಿಸ್ ಹುಚ್ಚೆದ್ದು ಕೇಳುತ್ತಿದ್ದದ್ದು. ಇಬ್ಬರು ಅಥವಾ ಹೆಚ್ಚು ವಾದಕರು ಮುಂದೆ ನಿಂತು, ಹಿಂದೆ ಇಡೀ ವೃಂದ. ನಮ್ಮ ಜುಗಲ್‌ಬಂದಿಯ ಹಾಗೆ ಒಬ್ಬ ಹೇಳಿದ್ದನ್ನು ಇನ್ನೊಬ್ಬ ಎತ್ತಿಕೊಳ್ಳುವುದು, ಕೆಣಕುವುದು, ಕೊನೆಗೆ ಜೊತೆಯಾಗುವುದು. ಇವನು ಅದರಲ್ಲಿ ಪಳಗಿದ ಕೈ.

ಹೀಗೆ ಎಲ್ಲ ಏರುಮುಖವಾಗಿದ್ದಾಗ 1776 ಬಂತು.

ಒಪೇರಾ ಅಂದರೆ ಹಾಡು, ಸಂಗೀತದಲ್ಲಿ ನಡೆಯುವ ನಾಟಕ. ಅದನ್ನು ಆಡಿಸುತ್ತಿದ್ದ ಪ್ಯಾರಿಸ್ ಒಪೇರಾದ ಅಧಿಕೃತ ಹೆಸರು ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್. ದೇಶದ ಅತಿ ದೊಡ್ಡ ಸಂಗೀತ ಸಂಸ್ಥೆ, ಯಾವಾಗಲೂ ನಷ್ಟದಲ್ಲಿ. ಆಗ ಅದನ್ನು ಪ್ಯಾರಿಸ್ ನಗರವೇ ನಡೆಸುತ್ತಿತ್ತು, ಕೈ ಸುಟ್ಟುಕೊಂಡಿತ್ತು. ಹೊಸ ನಿರ್ದೇಶಕ ಬೇಕಿತ್ತು. ದುಡ್ಡು ಹಾಕಲು ತಯಾರಿದ್ದ ಒಂದು ಗುಂಪು ಸ್ಯಾಂ-ಜಾರ್ಜ್‌ನ ಹೆಸರು ಮುಂದಿಟ್ಟಿತು. ಅವನಿಗಿಂತ ಅರ್ಹರು ಯಾರಿದ್ದರು? ವೃಂದ ನಡೆಸಿ ಗೊತ್ತು, ಅರಮನೆಯ ಪರಿಚಯವಿದೆ, ಜನರಿಗೆ ಪ್ರೀತಿ ಇದೆ.

ಆಗ ಒಪೇರಾದ ಮೂವರು ತಾರೆಯರು ರಾಣಿ ಮಾರೀ ಆಂತ್ವಾನೆತ್‌ಗೆ ಅರ್ಜಿ ಕೊಟ್ಟರು. ಗಾಯಕಿಯರಾದ ಸೋಫಿ ಆರ್ನೂ, ರೊಸಾಲಿ ಲೆವಸ್ಸರ್, ನರ್ತಕಿ ಗಿಮಾರ್. ಮುಲಾಟೊ ಒಬ್ಬನ ಅಪ್ಪಣೆಗೆ ತಲೆಬಾಗಲು ತಮ್ಮ ಮಾನ, ತಮ್ಮ ಸೂಕ್ಷ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂಬುದು ಅರ್ಜಿಯ ಸಾರ. ಇದನ್ನು ನಮಗೆ ತಿಳಿಸಿದವನು ಗ್ರಿಮ್ ಎಂಬ ಬ್ಯಾರನ್. ಪ್ಯಾರಿಸ್ಸಿನ ಸಮಾಚಾರವನ್ನೆಲ್ಲ ಕೈಬರಹದ ಪತ್ರಿಕೆಯಾಗಿ ಯುರೋಪಿನ ಅರಮನೆಗಳಿಗೆ ಕಳಿಸುತ್ತಿದ್ದವನು. ಅವನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾನೆ.

ಸ್ಯಾಂ-ಜಾರ್ಜ್ ತಾನಾಗಿಯೇ ಹಿಂದೆ ಸರಿದ. ರಾಜ ಒಪೇರಾವನ್ನು ನಗರದಿಂದ ವಾಪಸ್ ತೆಗೆದುಕೊಂಡು ತನ್ನ ಅಧಿಕಾರಿಗೆ ಒಪ್ಪಿಸಿದ. ರಾಣಿಗೆ ಮುಜುಗರ ತಪ್ಪಿತು. ಈ ಮೂವರ ವಿರೋಧಕ್ಕೆ ನಿಜವಾದ ಕಾರಣ ಬೇರೆಯೇ, ಶಿಸ್ತಿನ ಮನುಷ್ಯ ಬಂದರೆ ತಮ್ಮ ಆಟ ನಡೆಯುವುದಿಲ್ಲ ಎಂಬ ಭಯ, ಎಂದು ವಾದಿಸುವವರೂ ಇದ್ದಾರೆ. ಇರಬಹುದು. ಆದರೆ ಅರ್ಜಿಯಲ್ಲಿ ಬರೆದದ್ದು ಚರ್ಮದ ಮಾತು. ಆ ಮಾತು ನಡೆಯುತ್ತದೆ ಎಂದು ಅವರಿಗೆ ಗೊತ್ತಿತ್ತು, ನಡೆಯಿತು ಕೂಡ.

ಇದನ್ನು ಒಂದು ಅವಮಾನದ ಪ್ರಸಂಗ ಎಂದು ಓದಿ ‘ಅಯ್ಯೋ ಪಾಪ’ ಅಂದು ಮುಂದೆ ಹೋಗುತ್ತೇವೆ. ನನ್ನ ಲೆಕ್ಕದಲ್ಲಿ ಇವನ ಸಂಗೀತ ಮರೆತುಹೋದದ್ದು ಇಲ್ಲಿಂದಲೇ. ಯಾಕೆ ಹೇಳುತ್ತೇನೆ ಕೇಳಿ. ಆ ಕಾಲದಲ್ಲಿ ಕಛೇರಿಗೆ ಬರೆದ ಸಂಗೀತಕ್ಕೆ ಆಯಸ್ಸು ಕಡಿಮೆ. ಈ ಸಲ ಕೇಳಿದ್ದನ್ನು ಮುಂದಿನ ಸಲ ಯಾರೂ ಕೇಳುವುದಿಲ್ಲ, ಹೊಸದು ಬೇಕು. ಒಪೇರಾ ಹಾಗಲ್ಲ. ಲುಲ್ಲಿ ಎಂಬ ಹಿಂದಿನ ಶತಮಾನದ ಸಂಗೀತಕಾರನ ಒಪೇರಾಗಳು ಅವನು ಸತ್ತ ಎಷ್ಟೋ ದಶಕಗಳ ನಂತರವೂ ಅದೇ ರಂಗದ ಮೇಲೆ ನಡೆಯುತ್ತಿದ್ದವು. ಅಲ್ಲಿ ಪ್ರತಿ ವಾದ್ಯದ ಹಾಳೆಯನ್ನು ನಕಲು ಮಾಡಿಸಿ ಇಡುತ್ತಾರೆ, ಹೊಸ ಗಾಯಕರಿಗೆ ಕಲಿಸುತ್ತಾರೆ, ಕೃತಿಯನ್ನು ಕಾಯುವುದೇ ಕೆಲವರ ಸಂಬಳದ ಕೆಲಸ. ಆ ಕುರ್ಚಿ ಸಿಕ್ಕಿದ್ದರೆ ಇವನ ಕೃತಿಗಳಿಗೂ ಕಾಯುವವರು ಸಿಗುತ್ತಿದ್ದರು. ಪ್ಯಾರಿಸ್ ಇವನಿಗೆ ಚಪ್ಪಾಳೆ ತಟ್ಟಲು ಯಾವತ್ತೂ ಹಿಂದೆಮುಂದೆ ನೋಡಲಿಲ್ಲ. ಅವನ ಮಾತು ಕೇಳಬೇಕಾದ ಜಾಗದಲ್ಲಿ ಮಾತ್ರ ಬಾಗಿಲು ಹಾಕಿತು.

ಒಪೇರಾ ತಪ್ಪಿದ ಮೇಲೆ ಅವನು ಒಪೇರಾ ಬರೆಯತೊಡಗಿದ. ಛಲವೋ ಏನೋ. ಮೊದಲನೆಯದು ‘ಎರ್ನೆಸ್ತೀನ್’, 1777ರ ಜುಲೈ 19ರಂದು. ಮಾತು ಬರೆದವನು ಲಾಕ್ಲೋ ಎಂಬ ಸೈನ್ಯಾಧಿಕಾರಿ, ಮುಂದೆ ದೊಡ್ಡ ಕಾದಂಬರಿಕಾರ ಎನ್ನಿಸಿಕೊಂಡವನು. ಆದರೆ ಈ ನಾಟಕ ಸಪ್ಪೆ. ಸಂಗೀತವನ್ನು ಮೆಚ್ಚಿದರು, ನಾಟಕಕ್ಕೆ ನಕ್ಕರು. ಒಂದೇ ಪ್ರದರ್ಶನಕ್ಕೆ ಮುಗಿಯಿತು. ಮೂರು ವಾರದ ನಂತರ, ಆಗಸ್ಟ್ 9ಕ್ಕೆ, ಕಪ್ಪು ಜನ ಮತ್ತು ಮಿಶ್ರ ಮೂಲದವರು ಇನ್ನು ಫ್ರಾನ್ಸಿಗೆ ಕಾಲಿಡಬಾರದು ಎಂದು ರಾಜಾಜ್ಞೆ ಹೊರಬಿತ್ತು. ಮರುವರ್ಷ ಬಿಳಿಯರೊಂದಿಗೆ ಅವರ ಮದುವೆಗೂ ನಿಷೇಧ. ಸ್ಯಾಂ-ಜಾರ್ಜ್ ಕೊನೆಯವರೆಗೂ ಮದುವೆಯಾಗಲಿಲ್ಲ.

ಈಗ ‘ಕಪ್ಪು ಮೊಟ್ಸಾರ್ಟ್’ ವಿಷಯ. ಇವನ ಬಗ್ಗೆ ಎಲ್ಲಿ ಹುಡುಕಿದರೂ ಈ ಅಡ್ಡಹೆಸರು ಮೊದಲು ಸಿಗುತ್ತದೆ. ಪ್ರೀತಿಯಿಂದಲೇ ಕರೆಯುತ್ತಾರೆ, ಆದರೂ ಸ್ವಲ್ಪ ತಾರೀಖು ನೋಡೋಣ. 1778ರಲ್ಲಿ ಮೊಟ್ಸಾರ್ಟ್, ಸಾಲ್ಜ್‌ಬರ್ಗ್ ಊರಿನವನು, ಮುಂದೆ ಲೋಕವೇ ಹೊಗಳಿದ ಸಂಗೀತಕಾರ, ಪ್ಯಾರಿಸ್ಸಿಗೆ ಬಂದ. ವಯಸ್ಸು ಇಪ್ಪತ್ತೆರಡು, ಕೆಲಸ ಹುಡುಕುತ್ತಿದ್ದ. ಕೈಹಿಡಿಯುವವರಿಲ್ಲ. ಜುಲೈನಲ್ಲಿ ಜೊತೆಗಿದ್ದ ತಾಯಿ ತೀರಿಕೊಂಡಳು. ಆಗ ಅವನಿಗೆ ಆಸರೆ ಕೊಟ್ಟವನು ಅದೇ ಗ್ರಿಮ್, ತಾನು ಉಳಿದುಕೊಂಡಿದ್ದ ಮನೆಯಲ್ಲಿ. ಆ ಮನೆಯ ಅಕ್ಕಪಕ್ಕದಲ್ಲೇ ಮದಾಂ ದ ಮೊಂತೆಸ್ಸೋಂ ಎಂಬ ಪ್ರಭಾವಿ ಹೆಂಗಸಿನ ಭವನ. ಆರ್ಲೆಯಾಂ ಡ್ಯೂಕ್‌ನ ಹೆಂಡತಿ ಆಕೆ. ಆಕೆಯ ಖಾಸಗಿ ರಂಗಮಂದಿರದ ಸಂಗೀತ ನೋಡಿಕೊಳ್ಳುತ್ತಿದ್ದವನು ಸ್ಯಾಂ-ಜಾರ್ಜ್. ಮೂವತ್ತೆರಡು ವರ್ಷ, ಊರಿಗೆಲ್ಲ ಗೊತ್ತಿದ್ದ ಹೆಸರು. ಅವತ್ತು ಆ ಬೀದಿಯಲ್ಲಿ ನಿಂತು ಯಾರನ್ನಾದರೂ ಕೇಳಿದ್ದರೆ, ಇವನನ್ನು ತೋರಿಸುತ್ತಿದ್ದರು, ಆ ಸಾಲ್ಜ್‌ಬರ್ಗ್ ಹುಡುಗನನ್ನಲ್ಲ.

ಇಬ್ಬರೂ ಮಾತಾಡಿದರೇ? ಮೊಟ್ಸಾರ್ಟ್ ಮನೆಗೆ ಬರೆದ ಕಾಗದಗಳಲ್ಲಿ ಸ್ಯಾಂ-ಜಾರ್ಜ್ ಹೆಸರು ಎಲ್ಲೂ ಇಲ್ಲ. ಊರಿಗೆ ಹೋದ ಮೇಲೆ 1779ರಲ್ಲಿ ಮೊಟ್ಸಾರ್ಟ್ ಪಿಟೀಲು ಮತ್ತು ವಿಯೋಲಾ ಜೋಡಿಗೆ ಒಂದು ಅದ್ಭುತ ಸಿಂಫನಿ ಕನ್ಚೆರ್ಟಾಂಟ್ ಬರೆದ. ಅದರೊಳಗೆ ಸ್ಯಾಂ-ಜಾರ್ಜ್‌ನ ಕನ್ಚೆರ್ಟೊ ಒಂದರ ತಿರುವು ಇದೆ ಎಂದು ಸಾಲುಸಾಲಾಗಿ ಇಟ್ಟು ತೋರಿಸುವವರಿದ್ದಾರೆ. ನನಗೆ ಅಷ್ಟು ದೂರ ಹೋಗಲು ಧೈರ್ಯವಿಲ್ಲ. ಅದು ಪ್ಯಾರಿಸ್ಸಿನ ಬಗೆ, ಮೊಟ್ಸಾರ್ಟ್ ಅದನ್ನು ಪ್ಯಾರಿಸ್ಸಿನಲ್ಲಿ ಕಿವಿತುಂಬ ಕೇಳಿದ್ದ, ಅಷ್ಟು ಖಂಡಿತ. ಹತ್ತು ವರ್ಷ ದೊಡ್ಡವನಿಗೆ ಚಿಕ್ಕವನ ಹೆಸರು ಇಟ್ಟರೆ, ಇವನ ಸಂಗೀತವನ್ನು ಇವನದೇ ಎಂದು ಕೇಳುವವರು ಕಡಿಮೆಯಾಗುತ್ತಾರೆ. ‘ಚೆನ್ನಾಗಿದೆ, ಆದರೆ ಮೊಟ್ಸಾರ್ಟ್ ಅಷ್ಟಿಲ್ಲ’ ಎಂದು ಹೇಳಿ ಎದ್ದುಬಿಡುತ್ತಾರೆ.

ಮೊಂತೆಸ್ಸೋಂ ಮನೆಯ ರಂಗದ ಮೇಲೆ 1780ರ ಮಾರ್ಚ್ 8ರಂದು ಆಡಿದ ‘ಲಾಮಾಂ ಅನೊನೀಮ್’, ಅಂದರೆ ಅನಾಮಿಕ ಪ್ರೇಮಿ, ಅವನ ಒಪೇರಾಗಳಲ್ಲಿ ಪೂರ್ತಿಯಾಗಿ ಉಳಿದಿರುವ ಒಂದೇ ಒಂದು. ಮಿಕ್ಕವುಗಳಲ್ಲಿ ಅಲ್ಲೊಂದು ಇಲ್ಲೊಂದು ಹಾಡು ಸಿಕ್ಕಿದೆ.

1781ರಲ್ಲಿ ದುಡ್ಡಿನ ಮುಗ್ಗಟ್ಟಿನಿಂದ ಅಮಾತರ್ ಸಂಸ್ಥೆ ಮುಚ್ಚಿತು. ಅದೇ ವಾದಕರಲ್ಲಿ ಬಹಳಷ್ಟು ಜನ ಲೋಜ್ ಒಲಂಪಿಕ್ ಎಂಬ ಹೊಸ ವೃಂದದಲ್ಲಿ ಸೇರಿಕೊಂಡರು. ನುಡಿಸುವವರಿಗೆ ಆಕಾಶನೀಲಿ ಕೋಟು, ಲೇಸಿನ ತೋಳು, ಸೊಂಟದಲ್ಲಿ ಕತ್ತಿ! ಕತ್ತಿ ಸಿಕ್ಕಿಸಿಕೊಂಡು ಕೂತು ಪಿಟೀಲು ನುಡಿಸುವುದು ಹೇಗೋ, ಪಕ್ಕದವನ ಗತಿ ಏನೋ. ಈ ಸಂಸ್ಥೆಯ ದೊರೆಯೊಬ್ಬ, ಒನ್ಯೀ ಕೌಂಟ್, ಆಸ್ಟ್ರಿಯಾ ಕಡೆಯ ಹೆಸರಾಂತ ಸಂಗೀತಕಾರ ಹೈಡನ್‌ಗೆ ಆರು ಸಿಂಫನಿ ಬರೆದುಕೊಡಲು ಹೇಳಿಕಳಿಸಿದ. ಒಂದಕ್ಕೆ 25 ಲೂಯಿ, ಚಿನ್ನದ ನಾಣ್ಯ. ಅವೇ ಇವತ್ತು ‘ಪ್ಯಾರಿಸ್ ಸಿಂಫನಿಗಳು’ ಎಂದು ಪ್ರಸಿದ್ಧ, 82ರಿಂದ 87ರವರೆಗಿನವು. ಹೈಡನ್‌ಗೆ ತನ್ನ ಧಣಿಯ ಅರಮನೆಯಲ್ಲಿ ಇದ್ದದ್ದು ಚಿಕ್ಕ ವೃಂದ. ಪ್ಯಾರಿಸ್ಸಿನಲ್ಲಿ ಪಿಟೀಲುಗಳೇ 40, ದೊಡ್ಡ ಬಾಸ್‌ಗಳು 10. ಅವುಗಳ ಮೊದಲ ಪ್ರದರ್ಶನ ನಡೆಸಿದವನು ಸ್ಯಾಂ-ಜಾರ್ಜ್ ಎಂದು ಸಂಗೀತದ ಚರಿತ್ರೆ ಬರೆದವರು ಹೇಳುತ್ತಾರೆ. ಹೈಡನ್ ಕೇಳುಗರು ಇಲ್ಲಿ ಎಷ್ಟು ಜನ ಇದ್ದೀರಿ ಎಂದು ನಾನು ಕೇಳಿದಾಗ ಕೈ ಎತ್ತಿದವರು ಬಹಳ ಮಂದಿ. ರೆಕಾರ್ಡಿನ ಹೊದಿಕೆಯ ಮೇಲೆ ಸ್ಯಾಂ-ಜಾರ್ಜ್ ಹೆಸರು ನೋಡಿದ್ದೀರಾ ಅಂದಾಗ ಒಂದು ಕೈಯೂ ಇರಲಿಲ್ಲ.

1787ರಲ್ಲಿ ಅವನು ಲಂಡನ್ನಿಗೆ ಹೋದ. ಏಪ್ರಿಲ್ 9ರಂದು ಯುವರಾಜನ ಎದುರು ಕಾರ್ಲ್‌ಟನ್ ಹೌಸಿನಲ್ಲಿ ಪಂದ್ಯ. ಎದುರಾಳಿ ಶೆವಾಲಿಯೇ ದೆಯೋಂ, ಹೆಂಗಸಿನ ಉಡುಪಿನಲ್ಲೇ ಬದುಕುತ್ತಿದ್ದ ಮಾಜಿ ಗೂಢಚಾರ, 59ರ ಹತ್ತಿರದ ವಯಸ್ಸು. ಗೆದ್ದದ್ದು ದೆಯೋಂ. ಆಗ ಮ್ಯಾಥರ್ ಬ್ರೌನ್ ಎಂಬ ಕಲಾವಿದ ಸ್ಯಾಂ-ಜಾರ್ಜ್‌ನ ಚಿತ್ರ ಬರೆದ, ಮರುವರ್ಷ ಅದು ಅಚ್ಚಾಗಿ ಮಾರಾಟಕ್ಕೂ ಬಂತು. ಇವತ್ತಿಗೂ ಅವನ ಮುಖ ಎಂದರೆ ನಮಗೆ ಸಿಗುವುದು ಅದೇ. ಪೌಡರ್ ಹಾಕಿದ ಟೋಪನ್, ಶಾಂತ ಮುಖ, ನೇರ ನೋಟ, ಕೈಯಲ್ಲಿ ಕತ್ತಿ. ಪಿಟೀಲು ಚಿತ್ರದಲ್ಲೇ ಇಲ್ಲ.

ಆ ಪಂದ್ಯ ನೋಡಿದ ಯುವರಾಜನೇ ನಾಲ್ಕು ವರ್ಷದೊಳಗೆ ಇನ್ನೊಬ್ಬ ಕಪ್ಪು ಪಿಟೀಲು ಹುಡುಗನಿಗೆ ಆಶ್ರಯ ಕೊಟ್ಟ. ಜಾರ್ಜ್ ಬ್ರಿಜ್‌ಟವರ್. 1789ರಲ್ಲಿ, ಇನ್ನೂ ಬಾಲಕನಾಗಿದ್ದಾಗಲೇ, ಪ್ಯಾರಿಸ್ಸಿನಲ್ಲಿ ನುಡಿಸಿ ಹೆಸರು ಮಾಡಿದವನು. 1803ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಬೀಥೋವನ್ ಪಿಯಾನೋ ನುಡಿಸಿದ, ಇವನು ಪಿಟೀಲು. ಕೃತಿ ಇವನಿಗಾಗಿ ಬರೆದದ್ದು. ಆಮೇಲೆ ಇಬ್ಬರಿಗೂ ಜಗಳವಾಯಿತು. ಬೀಥೋವನ್ ಅದನ್ನು ಕ್ರಾಯ್ಟ್ಸರ್ ಎಂಬ ಪಿಟೀಲುಗಾರನಿಗೆ ಅರ್ಪಿಸಿಬಿಟ್ಟ. ಆ ಪುಣ್ಯಾತ್ಮ ಅದನ್ನು ಜನರ ಮುಂದೆ ಒಮ್ಮೆಯೂ ನುಡಿಸಲಿಲ್ಲ. ಲೋಕಕ್ಕೆಲ್ಲ ಅದು ಕ್ರಾಯ್ಟ್ಸರ್ ಸೊನಾಟಾ. ಕುರ್ಚಿ ಹೋಗುವುದಕ್ಕೆ ಅರ್ಜಿಯೇ ಬೇಕಾಗಿಲ್ಲ, ಒಂದು ಮುಖಪುಟ ಸಾಕು.

ಇನ್ನೊಂದು ಅಡ್ಡಮಾತು, ಕನ್ನಡದವರಿಗೆ ಹೇಳದೆ ಬಿಡಲಾರೆ. 1788ರಲ್ಲಿ ಇದೇ ಪ್ಯಾರಿಸ್ಸಿಗೆ ನಮ್ಮ ಶ್ರೀರಂಗಪಟ್ಟಣದಿಂದ ಟಿಪ್ಪುವಿನ ಮೂವರು ರಾಯಭಾರಿಗಳು ಹೋಗಿದ್ದರು. ಆಗಸ್ಟ್ 10ರಂದು ವರ್ಸೈಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಅವರನ್ನು ನೋಡಲು ಜನ ಮುಗಿಬಿದ್ದರು. ರಾಣಿಯ ಚಿತ್ರ ಬರೆಯುತ್ತಿದ್ದ ಕಲಾವಿದೆಯೇ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. ಅವರೇನು ಬಿಳಿಯರೇ? ಅಲ್ಲ. ಆದರೆ ಅತಿಥಿಗಳು, ಬಂದು ಹೋಗುವವರು. ಪ್ಯಾರಿಸ್ಸಿಗೆ ಕಷ್ಟವಾದದ್ದು ಉಳಿಯುವವನನ್ನು, ಅದರಲ್ಲೂ ಆಜ್ಞೆ ಕೊಡುವ ಜಾಗಕ್ಕೆ ಬಂದವನನ್ನು ಒಪ್ಪುವುದು.

ಕ್ರಾಂತಿ ಬಂತು. ಸ್ಯಾಂ-ಜಾರ್ಜ್ ಅದರ ಪರ ನಿಂತ. ಮಿಶ್ರ ಮೂಲದವರಿಗೂ ಸಮಾನ ಹಕ್ಕು ಎಂದು ಹೇಳಿದ್ದು ಅದೊಂದೇ ಅಲ್ವಾ? 1792ರಲ್ಲಿ ಕಪ್ಪು ಮತ್ತು ಮಿಶ್ರ ಮೂಲದ ಸ್ವಯಂಸೇವಕರ ದಳ ಕಟ್ಟಿದರು, ಮುಖ್ಯಸ್ಥ ಇವನೇ. ಜನ ಅದನ್ನು ಸ್ಯಾಂ-ಜಾರ್ಜ್ ದಳ ಎಂದೇ ಕರೆದರು. ಅವನ ಕೈಕೆಳಗಿದ್ದವರಲ್ಲಿ ಒಬ್ಬ ತೊಮಾ-ಅಲೆಕ್ಸಾಂದ್ರ್ ದ್ಯೂಮಾ, ಕಾದಂಬರಿಕಾರ ದ್ಯೂಮಾನ ಅಪ್ಪ. ಮರುವರ್ಷ ಸೇನಾಪತಿ ದ್ಯೂಮೂರಿಯೇ ದೇಶಕ್ಕೆ ಎರಡು ಬಗೆದಾಗ ಸ್ಯಾಂ-ಜಾರ್ಜ್ ಸರ್ಕಾರದ ಕಡೆಗೇ ನಿಂತ, ಲೀಲ್ ನಗರ ಕೈತಪ್ಪದಂತೆ ನೋಡಿಕೊಂಡ. ಅದಕ್ಕೆ ಸಿಕ್ಕ ಬಹುಮಾನ? 1793ರ ಸೆಪ್ಟೆಂಬರಿನಲ್ಲಿ ಕೆಲಸದಿಂದ ವಜಾ, ಆಮೇಲೆ ಜೈಲು. ಸುಮಾರು ಒಂದು ವರ್ಷ ಅಲ್ಲೇ. ಹೊರಗೆ ಬಂದ ಮೇಲೆ ದಳ ಸಿಗಲಿಲ್ಲ, ಮತ್ತೆ ಪಿಟೀಲು ಹಿಡಿದು ವೃಂದ ಕಟ್ಟಿದ. 1799ರ ಜೂನ್‌ನಲ್ಲಿ ತೀರಿಕೊಂಡ. ವಯಸ್ಸು ಐವತ್ಮೂರು.

ಮೂರು ವರ್ಷ ಕಳೆದು, 1802ರಲ್ಲಿ, ಕ್ರಾಂತಿಯ ಕಾಲದಲ್ಲಿ ರದ್ದಾಗಿದ್ದ ಗುಲಾಮಗಿರಿಯನ್ನು ನೆಪೋಲಿಯನ್ ಮತ್ತೆ ತಂದ. ಗ್ವಾಡೆಲೂಪ್‌ನಲ್ಲಿ ಬಂಡೆದ್ದವರನ್ನು ಬಗ್ಗುಬಡಿದವನು ರಿಶ್‌ಪಾಂಸ್ ಎಂಬ ದಂಡನಾಯಕ. ನೆಪೋಲಿಯನ್ನೇ ಸ್ಯಾಂ-ಜಾರ್ಜ್‌ನ ಸಂಗೀತವನ್ನು ನಿಷೇಧಿಸಿದ, ಸುಡಿಸಿದ ಎಂದು ಒಂದು ಮಾತು ಓಡಾಡುತ್ತದೆ. ಅಂಥ ಆಜ್ಞೆಯ ಕಾಗದವನ್ನು ಯಾರೂ ತೋರಿಸಿಲ್ಲ. ಆ ಕಥೆ ನಮಗೆ ಇಷ್ಟವಾಗುತ್ತದೆ, ಯಾಕಂದರೆ ತಪ್ಪೆಲ್ಲ ಒಬ್ಬನ ತಲೆಗೆ ಹೋಗುತ್ತದೆ. ನಿಷೇಧದ ಅಗತ್ಯವೇ ಇರಲಿಲ್ಲ. ನುಡಿಸುವ ಸಂಸ್ಥೆ ಇಲ್ಲ, ಕಾಯುವ ಗ್ರಂಥಾಲಯ ಇಲ್ಲ, ಗುರುವಿನ ಹೆಸರು ಹೇಳುವ ಶಿಷ್ಯರ ಸಾಲಿಲ್ಲ. ಅಷ್ಟರಲ್ಲಿ ಬೀಥೋವನ್ ಬಂದು ಕೇಳುಗರ ಕಿವಿಯೇ ಬದಲಾಯಿತು. 1840ರಲ್ಲಿ ಇವನ ಬಗ್ಗೆ ಒಂದು ದಪ್ಪ ಕಾದಂಬರಿ ಬಂತು. ಅದರಲ್ಲಿ ಕತ್ತಿ, ಪ್ರೇಮ, ಕುದುರೆ ಎಲ್ಲ ಉಂಟು, ಅಪ್ಪ ಮಾತ್ರ ಬೇರೆ ಯಾರೋ. ಆ ತಪ್ಪು ಅಪ್ಪನನ್ನೇ ಎಷ್ಟೋ ವಿಶ್ವಕೋಶಗಳು ನಕಲು ಮಾಡಿದವು.

ವಾಪಸ್ ಬಂದದ್ದು ರೆಕಾರ್ಡುಗಳಿಂದ. 1974ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಕಪ್ಪು ಸಂಗೀತಗಾರರ ಕೃತಿಗಳ ಸರಣಿ ಹೊರತಂದಾಗ ಮೊದಲ ತಟ್ಟೆಯೇ ಸ್ಯಾಂ-ಜಾರ್ಜ್‌ನದು. ವೃಂದ ನಡೆಸಿದವನು ಪಾಲ್ ಫ್ರೀಮನ್, ಅವನೂ ಕಪ್ಪು ಮನುಷ್ಯ. 2020ರಲ್ಲಿ, ಕೊರೋನಾ ಕಾಲದಲ್ಲಿ, ಲಾಸ್ ಏಂಜಲೀಸ್ ಒಪೇರಾದವರು ‘ಲಾಮಾಂ ಅನೊನೀಮ್’ ಆಡಿ ಇಂಟರ್‌ನೆಟ್‌ನಲ್ಲಿ ಬಿಟ್ಟರು. ಇದರ ನಡುವೆ ಪ್ಯಾರಿಸ್ ನಗರಸಭೆಯೂ ಒಂದು ಕೆಲಸ ಮಾಡಿತು. ಆ ದಂಡನಾಯಕ ರಿಶ್‌ಪಾಂಸ್ ಹೆಸರಿನ ಒಂದು ಬೀದಿ ಊರ ಮಧ್ಯದಲ್ಲೇ ಇತ್ತು. 2001ರ ಹೊತ್ತಿಗೆ ಆ ಹೆಸರು ತೆಗೆದು ಶೆವಾಲಿಯೇ ದ ಸ್ಯಾಂ-ಜಾರ್ಜ್ ಬೀದಿ ಎಂದು ಬರೆಸಿದರು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು, ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇಲ್ಲದವರು ಎಲ್ಲಿಂದ ಶುರುಮಾಡಬೇಕು ಎಂದು. ಹನ್ನೊಂದನೇ ಓಪಸ್‌ನ ಎರಡನೇ ಸಿಂಫನಿ, ಡಿ ಮೇಜರ್, ಅದನ್ನು ಹಾಕಿಕೊಳ್ಳಿ. ಕಾಲು ಗಂಟೆಯೂ ಹಿಡಿಯುವುದಿಲ್ಲ. ತಂತಿವಾದ್ಯಗಳು, ಊದುವ ವಾದ್ಯಗಳಲ್ಲಿ ಎರಡು ಓಬೋ, ಎರಡು ಹಾರ್ನ್, ಅಷ್ಟೇ ಸರಂಜಾಮು. ಅದೇ ಸಂಗೀತ ‘ಲಾಮಾಂ ಅನೊನೀಮ್’ ಒಪೇರಾಕ್ಕೆ ಪೀಠಿಕೆಯಾಗಿಯೂ ಬರುತ್ತದೆ, ಹಾಗಾಗಿ ಅದು ಹಿಡಿಸಿದರೆ ಒಪೇರಾಕ್ಕೆ ಹೋಗುವುದು ಸುಲಭ. ಆಮೇಲೆ ಆ ಎ ಮೇಜರ್ ಕನ್ಚೆರ್ಟೊದ ಲಾರ್ಗೊ. ಕ್ವಾರ್ಟೆಟ್‌ಗಳನ್ನು ಕೊನೆಗೆ ಇಟ್ಟುಕೊಳ್ಳಿ, ಅವು ಅಡುಗೆ ಮಾಡುತ್ತಾ ಕೇಳಿದರೆ ಕೈಗೆ ಸಿಗುವುದಿಲ್ಲ, ಕೂತು ಕೇಳಬೇಕು.